ಶೆಟ್ಟೆಪ್ಪ ಒಪ್ಪಿದ ಕಂಬಳಿ

ನಾಗನೂರಿನ ಕುರುಬರ ಮನೆಯಲ್ಲಿ ಹುಟ್ಟಿದ ಶೆಟ್ಟೆಪ್ಪ ಗೋಕಾಕದ ಒಂದು ಹತ್ತಿ ಗಿರಣಿಯಲ್ಲಿ ಬೆಂಕಿ ಆರಿಸುವವರ ಜಮಾದಾರನಾಗಿದ್ದ. ಕೈಪಂಪು, ಬಕೆಟ್ಟುಗಳು, ಆರು ಜನ ಆಳು. ಅರಳೆ ಇದ್ದಲ್ಲಿ ಬೆಂಕಿ ತಪ್ಪಿದ್ದಲ್ಲ. ಉರಿಯೊಳಗೆ ಹೋಗುವವರು ತೊಡುವ ದಪ್ಪ ಕ್ಯಾನ್ವಾಸ್ ಕೋಟುಗಳು ಮುಂಬಯಿಯಿಂದ ಬರುತ್ತಿದ್ದವು. ೧೯೪೨ರಲ್ಲಿ ಅವು ನಿಂತವು. ಕ್ಯಾನ್ವಾಸೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಇದ್ದ ಕೋಟುಗಳು ವರ್ಷದೊಳಗೆ ಚಿಂದಿಯಾದವು.

ಕೋಟಿನ ಬದಲು ಕಂಬಳಿ ತರಿಸೋಣವೆಂದವನು ಶೆಟ್ಟೆಪ್ಪನೇ. ಉಣ್ಣೆಗೆ ಬೆಂಕಿ ಬೇಗ ಹತ್ತುವುದಿಲ್ಲವೆಂದು ಕುರಿ ಕಾಯ್ದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಸೈನ್ಯಕ್ಕೆ ಉಣ್ಣೆಯೂ ಬೇಕಿತ್ತು. ನೇಯುವವರು ಹತ್ತಿ ಬೆರೆಸತೊಡಗಿದ್ದರು. ಅದಕ್ಕೆ ಅವನು ತನ್ನದೇ ಒಂದು ಕಟ್ಟಳೆ ಮಾಡಿದ. ಕಂಬಳಿಯ ಅಂಚಿನಿಂದ ಬೆರಳಗಲದ ಚೂರು ಕತ್ತರಿಸಿ ದೀಪಕ್ಕೆ ಹಿಡಿದು ಹೊರಗೆ ತೆಗೆಯುವುದು. ಐದು ಎಣಿಸುವುದರೊಳಗೆ ಉರಿ ತಾನಾಗಿ ಆರಿದರೆ ಸೈ. ಇಲ್ಲದಿದ್ದರೆ ಕಂಬಳಿ ವಾಪಸು.

ಬಂದ ಆರರಲ್ಲಿ ಎರಡೇ ಪಾಸಾದವು; ಉಳಿದ ನಾಲ್ಕು ವಾಪಸು ಹೋಗಲು ಉಗ್ರಾಣದಲ್ಲಿ ಬಿದ್ದಿದ್ದವು. ಎರಡು ತಿಂಗಳು ಕಾದರೂ ಬೇರೆ ಸಿಗಲಿಲ್ಲ. ಇಬ್ಬರಿಗಿಂತ ಹೆಚ್ಚು ಜನರನ್ನು ಉರಿಯೊಳಗೆ ಬಿಡುವುದಿಲ್ಲವೆಂದು ಶೆಟ್ಟೆಪ್ಪ ಹಟ ಹಿಡಿದ. ಮ್ಯಾನೇಜರ್ ಮುರಿಗೆಪ್ಪನವರು ಕರೆಸಿದರು.

"ಆರೂ ಮಂದಿ ತಯಾರ ಅದಾರ ಅಂತ ನೀ ಕಾಗದಕ್ಕ ಹೆಬ್ಬಟ್ಟ ಒತ್ತದಿದ್ರ ಸರಕಾರದವ್ರು ಗಿರಣಿ ಬಂದ್ ಮಾಡಸ್ತಾರ, ಶೆಟ್ಟೆಪ್ಪ. ನಾಕನೂರ ಮಂದಿ ಹೊಟ್ಟಿ ಐತಿ ಇದರಾಗ."

"ಆ ಕಂಬಳಿ ಉರೀತಾವ್ರಿ ಸಾಹೇಬ್ರ."

"ಬರೀ ಮೈಗಿಂತ ಚಲೋ ಅಲ್ಲೇನು?"

ಆ ಮಾತು ಶೆಟ್ಟೆಪ್ಪನಿಗೆ ಖರೆ ಎನ್ನಿಸಿತು. ಐದರ ಎಣಿಕೆಯನ್ನು ಹತ್ತು ಮಾಡಿದ. ತಿರಸ್ಕರಿಸಿದ್ದ ನಾಲ್ಕರಲ್ಲಿ ಮೂರು ಹತ್ತರೊಳಗೆ ಆರಿದವು. ನಾಲ್ಕನೆಯದು ಹನ್ನೊಂದಕ್ಕೆ ಆರಿತು. ಅದನ್ನೂ ಒಪ್ಪಿ ಹೆಬ್ಬಟ್ಟು ಒತ್ತಿದ.

೧೯೪೪ರ ಮಾರ್ಚಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಅರಳೆ ಕೋಣೆ ಹೊತ್ತಿತು. ಕಂಬಳಿಗಳನ್ನು ನೀರಿನಲ್ಲಿ ಅದ್ದಿ ಹೊದ್ದುಕೊಂಡು ಆರೂ ಜನ ಒಳಗೆ ಹೋದರು. ಮೂಡಲಗಿಯ ಗುಡ್ಡಪ್ಪ ಎಲ್ಲರಿಗಿಂತ ಮುಂದೆ ಹೋಗಿ ಅರಳೆಯ ಅಂಡಿಗೆಗಳನ್ನು ಎಳೆಯುತ್ತಿದ್ದ. ಹಾಗೆ ಮಾಡೆಂದು ಹೇಳಿದವನು ಶೆಟ್ಟೆಪ್ಪ. ಕಾವಿಗೆ ಒದ್ದೆಯೆಲ್ಲ ಹಿಂಗಿ, ಗುಡ್ಡಪ್ಪನ ಬೆನ್ನ ಮೇಲಿನ ಕಂಬಳಿ ಒಮ್ಮೆಗೇ ಹೊತ್ತಿಕೊಂಡಿತು. ಹೊರಗೆ ತಂದು ಮಲಗಿಸಿದಾಗ ಕಂಬಳಿಯನ್ನು ಚರ್ಮದಿಂದ ಬಿಡಿಸಲಾಗಲಿಲ್ಲ. ಮೂರನೆಯ ದಿನ ತೀರಿಕೊಂಡ. ಅದು ಹನ್ನೊಂದಕ್ಕೆ ಆರಿದ ಕಂಬಳಿಯೋ ಬೇರೆಯದೋ ತಿಳಿಯಲಿಲ್ಲ. ಶೆಟ್ಟೆಪ್ಪ ಯಾವುದಕ್ಕೂ ಗುರುತು ಹಾಕಿರಲಿಲ್ಲ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದ.

"ನಾನ ಎಣಿಕಿ ಹೆಚ್ಚ ಮಾಡಿದೆನ್ರಿ," ಎಂದ ಶೆಟ್ಟೆಪ್ಪ.

"ಅದು ಯಾರ ಕಾಯ್ದೆ? ಸರಕಾರದ್ದೇನು?"

"ನಂದ ರೀ."

"ಹಂಗಾರ ಅದನ್ನ ಮುರದದ್ದು ಗುನ್ನೆ ಅಲ್ಲ ಬಿಡು."

ಮೃತನು ಅಪ್ಪಣೆಯಿಲ್ಲದೆ ದುಡುಕಿ ಮುಂದೆ ಹೋದದ್ದೇ ಕಾರಣವೆಂದು ವರದಿಯಾಯಿತು. ಹಾಗಲ್ಲವೆಂದು ಶೆಟ್ಟೆಪ್ಪ ಎರಡು ಸಲ ಹೇಳಿದ. ಯಾರೂ ಬರೆದುಕೊಳ್ಳಲಿಲ್ಲ.

ಅವನು ಕೆಲಸ ಬಿಟ್ಟ. ಊರಿಗೆ ಹೋಗುವ ಮೊದಲು ಮೂಡಲಗಿಗೆ ಹೋಗಿ ಗುಡ್ಡಪ್ಪನ ಮನೆಯ ಕಟ್ಟೆಯ ಮೇಲೆ ಕುಳಿತ. ಗುಡ್ಡಪ್ಪನ ಹೆಂಡತಿ ಲಗಮವ್ವ ನೀರು ತಂದಿಟ್ಟಳು.

"ಇವ್ರ ತಾವ ದುಡುಕಿದ್ರು ಅಂತ ಗಿರಣ್ಯಾವ್ರು ಹೇಳಿ ಹ್ವಾದ್ರು. ಖರೆ ಏನ್ರಿ ಅಣ್ಣಾರ?"

"ಇಲ್ಲವಾ. ನಾ ಹೋಗಂದ ಜಾಗಾಕ್ಕ ಹೋಗಿದ್ದ. ನಾ ಒಪ್ಪಿದ ಕಂಬಳಿ ಹೊದ್ದಿದ್ದ. ಅದು ಚಲೋ ಇರಲಿಲ್ಲ, ನನಗ ಗೊತ್ತಿತ್ತು."

ಲಗಮವ್ವ ಬೈಯಲಿಲ್ಲ.

"ಇದನ್ನ ನಮ್ಮ ಮಾವಗ ಹೇಳ್ರಿ," ಎಂದಳು. "ಮಗಾ ತನ್ನ ಹುಚ್ಚಿಗೆ ಸತ್ತ ಅಂತ ಅವ್ರು ಕೂಳ ಬಿಟ್ಟಾರ."

ಒಳಗಿನಿಂದ ಮುದುಕನನ್ನು ಕೈಹಿಡಿದು ಕರೆತಂದಳು. ಶೆಟ್ಟೆಪ್ಪ ಎದ್ದು ನಿಂತು, ಮತ್ತೆ ಮೊದಲಿನಿಂದ ಹೇಳಿದ.