ಸಡ್ಡಕನ ಜೀಪು, ನನ್ನ ಅರ್ಧ ಸುತ್ತು

ಈಗಿನ ಗಾಡಿಗೆ ಕಂಪ್ಯೂಟರ್ ಹಚ್ಚಿ ಇಂಜಿನ್ನಿನ ಜೋರು ಹೆಚ್ಚ ಮಾಡ್ತಾರಂತ. ಮಾಡಿಸಿದ್ರ ಲಾಭ ಐತೋ ಇಲ್ಲೋ ಅಂತ ವಾದಾ ಸುರು ಆದ್ರ ನಾ ಸುಮ್ಮನ ಎದ್ದು ಹೋಗ್ತೀನಿ. ಎಂಬತ್ತರ ದಶಕದಾಗ ನಮ್ಮ ಡೀಸೆಲ್ ಜೀಪಿಗೆ ಕಂಪ್ಯೂಟರ್ ಎಲ್ಲಿಂದ ಬರಬೇಕು? ಇಂಜಿನ್ನಿಗೆ ಡೀಸೆಲ್ ಹಾಯಿಸೋ ಪಂಪಿನ ಮ್ಯಾಲೆ ಒಂದು ಸ್ಕ್ರೂ ಇರ್ತಿತ್ತು. ಅದಕ್ಕ ತಂತಿ ಬಿಗಿದು ಸೀಸದ ಸೀಲ್ ಹಾಕಿರ್ತಿದ್ರು. ಸೀಲ್ ಒಡದು ಸ್ಕ್ರೂ ತಿರುವಿದ್ರ ಇಂಜಿನ್ನಿಗೆ ಡೀಸೆಲ್ ಹೆಚ್ಚು ಹೋಗತಿತ್ತು, ಗಾಡಿ ಓಡತಿತ್ತು. ನಾನೂ ತಿರುವಿದೆ, ಹೊಟ್ಟಿಕಿಚ್ಚಿಗೆ ಬಿದ್ದು ತಿರುವಿದೆ.

ಕಿಚ್ಚು ನನ್ನ ಸಡ್ಡಕನ ಮ್ಯಾಲೆ, ಅಂದ್ರ ಹೆಂಡ್ತಿ ತಂಗಿಯ ಗಂಡನ ಮ್ಯಾಲೆ. ನಾ ಗದಗ–ಮುಂಡರಗಿ ನಡುವ ಜೀಪಿನ್ಯಾಗ ಮಂದಿ ಒಯ್ಯತಿದ್ದೆ. ಅಂವ ನನ್ನ ನೋಡೇ ಕಲತು, ಶಿರಹಟ್ಟಿ–ಲಕ್ಷ್ಮೇಶ್ವರಕ್ಕ ಒಂದು ಜೀಪ್ ಬಿಟ್ಟ. ಹಿರೇವಡ್ಡಟ್ಟಿಯ ನಮ್ಮ ಮಾವಾರ ಮನಿಗೆ ಹಿರೇ ಅಳಿಯ ನಾನು. ಮಾವಾರು ಎಲ್ಲಿಗೆ ಹೊಂಟ್ರೂ ನನ್ನ ಜೀಪಿನ ಮುಂದಿನ ಸೀಟು ಅವರದು. ಸಡ್ಡಕ ಗಾಡಿ ತಂದಿದ್ದ ತಡ, ಅವರ ಕೈಚೀಲ ಅವನ ಸೀಟಿಗೆ ಹೋತು. "ಸಣ್ಣಾಂವಂದು ಏರಿನ್ಯಾಗೂ ಹಗುರ ಹತ್ತತೈತಿ ನೋಡ್ರಿ" ಅಂತಿದ್ರು. ಅದೂ ನನ್ನ ಮನ್ಯಾಗ ಕುಂತು, ನನ್ನ ಚಹಾ ಕುಡಕೋತ.

ಹೆಂಡ್ತಿಯಾದ್ರೂ ನನ್ನ ಕಡೆ ಮಾತಾಡಬೇಕಿಲ್ಲೋ? "ಖರೆ ಐತಲ್ರಿ, ನಾನೂ ಕುಂತು ನೋಡೀನಿ" ಅಂದ್ಲು. ಯಾವಾಗ ಕುಂತಿದ್ಲೋ ಆ ದೇವರಿಗೇ ಗೊತ್ತು. ಅವತ್ತಿಂದ ಆ ಜೀಪಿನ ಹಾರ್ನ್ ಕೇಳಿದ್ರ ನನ್ನ ಎದಿ ಉರೀತಿತ್ತು.

ಅಂಥಾದ್ರಾಗ ಹೆಂಡ್ತಿ ತಮ್ಮನ ಮದುವಿ ಲಕ್ಷ್ಮೇಶ್ವರದಾಗ ಗೊತ್ತಾತು. ಮದುಮಗನ್ನ ಹೆಣ್ಣಿನೂರಿಗೆ ಹಿರೇ ಅಳಿಯನ ಗಾಡ್ಯಾಗ ಒಯ್ಯೂದು ಆ ಮನಿ ಪದ್ಧತಿ. ಮೊದಲ ಚಕ್ಕಡಿ ಇತ್ತು, ಈಗ ನನ್ನ ಜೀಪು. ಮಾವಾರು ಕರದು ಹೇಳಿದ್ರು: "ಮುಹೂರ್ತ ಮುಂಜಾನಿ ಐತಿ. ಮದುಮಗ ಸಣ್ಣಾಂವನ ಗಾಡ್ಯಾಗ ಹೋಗಲಿ. ನೀವು ಹೆಣ್ಣಮಕ್ಕಳನ್ನ ಕರಕೊಂಡು ಹಿಂದ ಬರ್ರಿ." ಎರಡು ದಿನ ನನಗ ಅನ್ನ ಸೇರಲಿಲ್ಲ.

ಮೂರನೇ ದಿನ ಬೆಟಗೇರಿಯ ಪಂಪ್ ಮಿಸ್ತ್ರಿಯ ಅಂಗಡಿಗೆ ಹೋದೆ. ನಮ್ಮಿಬ್ಬರ ಗಾಡಿನೂ ಅವರ ಕೈಯಾಗ ಪಳಗಿದ್ದು. "ನನ್ನ ಸಡ್ಡಕಂದು ಎಷ್ಟು ತಿರುವೀರಿ? ಅದಕ್ಕಿಂತ ಅರ್ಧ ಸುತ್ತ ನಂದು ಹೆಚ್ಚ ತಿರುವ್ರಿ" ಅಂದೆ.

"ಅವರದು ನಾ ಮುಟ್ಟೇ ಇಲ್ರಿ ಮಾಲಕ್ರ" ಅಂದ್ರು ಮಿಸ್ತ್ರಿ. ಎದ್ದು ಬಂದು ನನ್ನ ಜೀಪಿನ ಸುತ್ತ ಒಮ್ಮೆ ಅಡ್ಡಾಡಿದ್ರು. "ಮಂದಿ ಹೆಚ್ಚು ತುಂಬಾಕಂತ ಹಿಂದಿನ ಸ್ಪ್ರಿಂಗಿಗೆ ಮೂರು ಕಬ್ಬಿಣದ ಪಾಟಾ ಹೆಚ್ಚ ಹಾಕ್ಸೀರಿ. ಮ್ಯಾಲೆ ಇಷ್ಟು ದೊಡ್ಡ ಕಬ್ಬಿಣದ ಕ್ಯಾರಿಯರ್. ಇವನ್ನ ತಗಸ್ರಿ, ಹದಿನೆಂಟು ಮಂದಿ ಬದ್ಲಿ ಹನ್ನೆರಡು ಕುಂಡ್ರಸ್ರಿ, ಗಾಡಿ ತಾನ ಓಡತೈತಿ. ಇಂಜಿನ್ನಿಗೆ ಬೇಕಾದಕ್ಕಿಂತ ಹೆಚ್ಚ ಕುಡಿಸಿದ್ರ ಕುದ್ದು ಸಾಯತೈತಿ."

ಸಡ್ಡಕ ಇವರ ಬಾಯಿ ಕಟ್ಯಾನ ಅಂತ ನನಗ ಖಾತ್ರಿ ಆತು. ಮನಿಗೆ ಬಂದು, ಬಾನೆಟ್ ಎತ್ತಿ, ಪಕ್ಕಡ್‌ಲೆ ಸೀಲ್ ಹರದು ನಾನ ಸ್ಕ್ರೂ ತಿರುವಿದೆ. ಅರ್ಧ ಸುತ್ತು.

ಸುಳ್ಳ್ಯಾಕ ಹೇಳ್ಲಿ, ಓಡ್ತು. ಕಾಲ ಇಡೂದ ತಡ ಜಿಗೀತಿತ್ತು. ಹಿಂದ ಕರೇ ಹೊಗಿ ಬರ್ತಿತ್ತು, ಬರಲಿ ಬಿಡು, ಹಿಂದ ಯಾರ ನೋಡಬೇಕು? ಮಾವಾರನ್ನ ಕುಂಡ್ರಿಸಿಕೊಂಡು ಮುಂಡರಗಿಗೆ ಒಂದು ಸುತ್ತು ಹೊಡದೆ. ಅವರು ಮುಂದಿನ ಸಳಿ ಗಟ್ಟಿ ಹಿಡಕೊಂಡು ಕುಂತ್ರು. ಇಳದ ಮ್ಯಾಲೆ, "ಆತು, ಮದುಮಗ ನಿಮ್ಮ ಗಾಡ್ಯಾಗ" ಅಂದ್ರು. ಅಷ್ಟು ಸುಖದ ನಿದ್ದಿ ನಾ ಮತ್ತ ಮಾಡಿಲ್ಲ.

ಮದುವಿ ದಿನ ಮದುಮಗನ ಜೋಡಿ ಹದಿನಾರು ಮಂದಿ ಗಂಡಸರನ್ನ ತುಂಬಿದೆ, ಕ್ಯಾರಿಯರ್ ಮ್ಯಾಲೆ ಟ್ರಂಕು, ಬುಟ್ಟಿ. ಹಿಂದ ಸಡ್ಡಕನ ಗಾಡ್ಯಾಗ ಹೆಣ್ಣಮಕ್ಕಳು. ಶಿರಹಟ್ಟಿ ದಾರಿಯ ಏರು ಬಂತು. ಕನ್ನಡ್ಯಾಗ ಅವನ ಜೀಪ್ ಕಾಣಲಾರದಂಗ ಮಾಡಬೇಕಂತ ಪೂರಾ ಒತ್ತಿದೆ. ಅರ್ಧ ಏರಿಗೆ ಇಂಜಿನ್ ಕಟಕಟ ಅಂತು, ಆಮ್ಯಾಲೆ ಕರಕ್ ಅಂತ ನಿಂತು ಬಿಟ್ತು. ಇಂಜಿನ್ ಕುದ್ದು ಪಿಸ್ಟನ್ ಹಿಡದಿತ್ತು.

ಸಡ್ಡಕನ ಗಾಡಿ ಬಂದು ನಿಂತಿತು. ಹೆಣ್ಣಮಕ್ಕಳು ಇಳದ್ರು. ಎಲ್ಲಾರ ಮಾರಿ ಮ್ಯಾಲೆ, ಹೊಸಾ ಸೀರಿ ಮ್ಯಾಲೆ ನನ್ನ ಹೊಗಿಯ ಮಸಿ. ನನ್ನ ಹೆಂಡ್ತಿ ಸೆರಗಿಲೆ ಮಾರಿ ಒರಸಿಕೊಂಡು, ತಮ್ಮನ ಕೈ ಹಿಡದು ಆ ಜೀಪಿಗೆ ಹತ್ತಿಸಿದ್ಲು. "ಇದು ತಣ್ಣಗಾದ ಮ್ಯಾಲೆ ನೀವು ಬರ್ರಿ" ಅಂದು ತಾನೂ ಹತ್ತಿದ್ಲು. ಉಳದವರು ಹಿಂದ ಬಂದ ಬಸ್ ಹಿಡದ್ರು. ಮುಹೂರ್ತದ ಹೊತ್ತಿಗೆ ನಾ ರೇಷ್ಮಿ ರುಮಾಲು ಸುತ್ತಿಕೊಂಡು ಬೇವಿನ ಗಿಡದ ಬುಡಕ ಒಬ್ಬನ ಕುಂತಿದ್ದೆ.

ಮಧ್ಯಾಹ್ನ ಸಡ್ಡಕ ಹಗ್ಗ ತಗೊಂಡು ಬಂದ, ಮಾವಾರೂ ಬಂದಿದ್ರು. ಹಿರೇ ಅಳಿಯ ಬರಲಾರದ ಉಣ್ಣಂಗಿಲ್ಲ ಅಂತ ಅವರೂ ಉಪಾಸ ಇದ್ರಂತ. ನನಗ ಅದು ನಾಟಲಿಲ್ಲ, ನನ್ನ ತಲಿಯಾಗ ಒಂದ ಮಾತು. ಸಡ್ಡಕನ್ನ ಬಾಜೂಕ ಕರದು, "ತಮ್ಮಾ, ಖರೆ ಹೇಳು, ನಿಂದು ಎಷ್ಟು ಸುತ್ತು ತಿರುವ್ಸಿದಿ?" ಅಂದೆ.

"ಏನಣ್ಣಾರ?" ಅಂದ. ನಾ ಅವನ ಬಾನೆಟ್ ಎತ್ತಿದೆ. ಪಂಪಿನ ಮ್ಯಾಲೆ ತಂತಿ ಹಂಗ ಇತ್ತು, ಸೀಲ್ ಹಂಗ ಇತ್ತು, ಅದರ ಮ್ಯಾಲೆ ವರ್ಷಗಟ್ಟಲೆ ಕುಂತ ಧೂಳು. ಅದನ್ನ ನೋಡಿ ನಾಚಿಕಿ ಬರಬೇಕಿತ್ತು. ಬರಲಿಲ್ಲ. ಇನ್ನಷ್ಟು ಹೊಟ್ಟಿ ಉರೀತು.

ಹಗ್ಗ ಕಟ್ಟಿದ್ವಿ. ಮಾವಾರು ಅವನ ಗಾಡಿ ದಾಟಿ ಬಂದು ನನ್ನ ಪಕ್ಕದ ಸೀಟಿನ್ಯಾಗ ಕುಂತ್ರು, ಕೈಚೀಲ ತೊಡಿ ಮ್ಯಾಲೆ ಇಟಗೊಂಡು. ಅಂವ ಮುಂದ ಎಳದ, ನಾ ಸ್ಟೇರಿಂಗ್ ಹಿಡದೆ. ಉಳದ ಅರ್ಧ ಏರು ಹಂಗ ದಾಟಿದ್ವಿ. ತುದಿಗೆ ಬಂದ ಮ್ಯಾಲೆ ಮಾವಾರು ಹೊರಗ ನೋಡಕೋತ ಅಂದ್ರು:

"ಇವತ್ತ ನಿಮ್ಮದೂ ಹಗುರ ಹತ್ತಿತು ನೋಡ್ರಿ."