ವೆರೋನಾಳ ಸಹಿ, ಕ್ಲೋಟೆಲ್‌ಳ ಬಸ್ಸು

ಆ ಆಗಸ್ಟಿನಲ್ಲಿ ಬಾರ್ಬಡೋಸ್ ದ್ವೀಪದ ಸ್ಪೈಟ್ಸ್‌ಟೌನಿನ ಹೆಂಗಸರೆಲ್ಲ ಇದ್ದಕ್ಕಿದ್ದಂತೆ ವೆರೋನಾ ಗಿಟನ್ಸ್‌ಳನ್ನು ಹರಸತೊಡಗಿದರು. ಮೀನು ಮಾರುವಾಕೆ ಒಂದು ಹಾರುಮೀನು ಹೆಚ್ಚಿಗೆ ಹಾಕಿ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದಳು. ಚರ್ಚಿನ ಮೆಟ್ಟಿಲ ಮೇಲೆ ಇಬ್ಬರು ಮುದುಕಿಯರು ಅವಳ ಕೆನ್ನೆ ಸವರಿ ಹೋದರು. ವೆರೋನಾಳಿಗೆ ತಲೆಬುಡ ತಿಳಿಯಲಿಲ್ಲ. ಐವತ್ನಾಲ್ಕು ವರ್ಷದ ಬದುಕಿನಲ್ಲಿ ಯಾರಿಗೂ ಒಂದು ಗುಂಡಿಯನ್ನೂ ಪುಕ್ಕಟೆ ಹೊಲಿದುಕೊಟ್ಟವಳಲ್ಲ ಅವಳು. ಮೂರು ಶಾಲೆಗಳ ಸಮವಸ್ತ್ರ ಅವಳ ಹೊಲಿಗೆ ಮಿಷಿನ್ನಿನಿಂದಲೇ ಬರಬೇಕಿತ್ತು. ಬೇಸಿಗೆ ರಜೆಯಲ್ಲಿ ಊರೆಲ್ಲ ಕಡಲಿಗಿಳಿದರೆ ಅವಳು ಮಾತ್ರ ನೀಲಿ ಬಟ್ಟೆಯ ರಾಶಿಯಲ್ಲಿ ಮುಳುಗಿರುತ್ತಿದ್ದಳು.

ಗುರುವಾರ ಸ್ವಾನ್ ಬೀದಿಯ ಬಟ್ಟೆ ವ್ಯಾಪಾರಿಯಿಂದ ಫೋನು ಬಂತು. ಅವಳು ಕೊಟ್ಟ ಚೆಕ್ಕು ಖಾತೆಯಲ್ಲಿ ಹಣವಿಲ್ಲವೆಂದು ವಾಪಸ್ಸಾಗಿತ್ತು. ಇಪ್ಪತ್ತು ವರ್ಷದ ವ್ಯವಹಾರದಲ್ಲಿ ಇದೇ ಮೊದಲು. ವೆರೋನಾ ಕೊರಳಲ್ಲಿದ್ದ ಅಳತೆಪಟ್ಟಿಯನ್ನೂ ತೆಗೆಯದೆ ಬ್ಯಾಂಕಿಗೆ ಓಡಿದಳು.

ಬ್ಯಾಂಕಿನ ಬ್ಲಾಕೆಟ್ ಸಾಹೇಬರು ಮೂರು ಚೆಕ್ಕು ತೆಗೆದು ಮೇಜಿನ ಮೇಲೆ ಹರಡಿದರು. ಒಂದು ಬಸ್ ಮಾಲೀಕ ಟ್ರಾಟ್‌ಮನ್‌ಗೆ, ಒಂದು ಕೇಕ್ ಮಾಡುವವಳಿಗೆ, ಇನ್ನೊಂದು ಧ್ವನಿವರ್ಧಕ ಬಾಡಿಗೆಗೆ ಕೊಡುವವನಿಗೆ. ಮೂರರ ಹಣವೂ ಆಗಲೇ ಕೈದಾಟಿ ಹೋಗಿತ್ತು. ಇವುಗಳನ್ನು ತಾನು ಬರೆದೇ ಇಲ್ಲವೆಂದು ವೆರೋನಾ ಆಣೆಯಿಟ್ಟಳು. ಹಾಗಾದರೆ ಒಂದು ಹಾಳೆಯಲ್ಲಿ ಸಹಿ ಮಾಡಿ ತೋರಿಸಿ ಎಂದರು ಅವರು. ಅವಸರಕ್ಕೆ ಮೊದಲ ಸಹಿ ಏಡಿಯಂತೆ ಅಡ್ಡಡ್ಡ ನಡೆಯಿತು, ಎರಡನೆಯದು ಹಾಳೆಯ ಅಂಚನ್ನೇ ದಾಟಿತು.

ಬ್ಲಾಕೆಟ್ ಕನ್ನಡಕ ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ತಪ್ಪು ತಿಳೀಬೇಡಿ ಮಿಸ್ ಗಿಟನ್ಸ್. ಇಲ್ಲಿರೋದ್ರಲ್ಲಿ ಖೋಟಾ ಥರ ಕಾಣ್ತಿರೋದು ನೀವು ಈಗ ಹಾಕಿದ್ದೇ."

ವೆರೋನಾ ಚೆಕ್ಕುಗಳ ಮೇಲೆ ಬಾಗಿ ನೋಡಿದಳು. 'ಗಿಟನ್ಸ್' ಎಂಬುದರ ಮೊದಲಕ್ಷರ 'ಜಿ'ಯ ಬಾಲ ಕೆಳಗಿಳಿದು ಒಂದು ಸುತ್ತು ಸುತ್ತಿ, ಬೆಕ್ಕಿನ ಬಾಲದ ಹಾಗೆ ಮೇಲೆದ್ದಿತ್ತು. ಆ ಬಾಲವನ್ನು ಇಡೀ ಬಾರ್ಬಡೋಸಿನಲ್ಲಿ ಒಬ್ಬಳೇ ಹಾಗೆ ಬರೆಯುತ್ತಿದ್ದಳು. ಎಪ್ಪತ್ತೊಂಬತ್ತರ ಅವಳ ತಾಯಿ, ಕ್ಲೋಟೆಲ್. ಸಿಟ್ಟು ಬರಬೇಕಾಗಿದ್ದ ಜಾಗದಲ್ಲಿ ವೆರೋನಾಳಿಗೆ ನಗು ಉಕ್ಕಿತು. ತಡೆಯಲು ಅಳತೆಪಟ್ಟಿಯನ್ನು ಬಾಯಿಗೊತ್ತಿಕೊಂಡಳು, ನಗು ನಿಲ್ಲಲಿಲ್ಲ. ಬ್ಲಾಕೆಟ್ ಗಾಬರಿಯಾಗಿ ನೀರು ತರಿಸಿದರು. ದೂರು ಬರೆದುಕೊಟ್ಟರೆ ಹಣ ಸಿಗಬಹುದು, ಆದರೆ ಪೊಲೀಸರು ಮನೆಗೆ ಬರುತ್ತಾರೆ ಎಂದೂ ತಿಳಿಸಿದರು. ಅವಳು ದೂರಿನ ಕಾಗದವನ್ನು ಮಡಿಸಿ ಚೀಲಕ್ಕಿಟ್ಟುಕೊಂಡು ಬಂದಳು.

ಮನೆಯಲ್ಲಿ ಕ್ಲೋಟೆಲ್ ಹ್ಯಾಟಿನ ರಿಬ್ಬನ್ನಿಗೆ ಇಸ್ತ್ರಿ ಹಾಕುತ್ತಿದ್ದಳು. ಮಗಳು ಕೇಳಿದ್ದಕ್ಕೆ ಒಂದನ್ನೂ ಮುಚ್ಚಿಡಲಿಲ್ಲ. ಶನಿವಾರ ಚರ್ಚಿನ ನಲವತ್ತು ಹೆಂಗಸರು ದ್ವೀಪದ ಆ ಮಗ್ಗುಲಿಗೆ, ಬಾತ್‌ಶೀಬಾದ ಕಡಲಿಗೆ ಹೋಗುವವರಿದ್ದರು. ಖರ್ಚೆಲ್ಲ ನನ್ನ ಮಗಳದು ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದಳು. ಗೆಳತಿ ಊನಾ ಬಾತ್‌ಶೀಬಾಕ್ಕೆ ಹೋಗಬೇಕು, ಹೋಗಬೇಕು ಎನ್ನುತ್ತಲೇ ಈಸ್ಟರ್ ಹೊತ್ತಿಗೆ ಮಣ್ಣಾಗಿದ್ದಳು. ಅವಳ ಸಮಾಧಿಯ ಪಕ್ಕದಲ್ಲೇ ಕ್ಲೋಟೆಲ್ ಇದನ್ನು ತೀರ್ಮಾನಿಸಿದ್ದು.

"ಅದು ಕಳ್ಳತನ ಅಮ್ಮಾ. ಜೈಲಿಗೆ ಹಾಕ್ತಾರೆ."

"ನಿನಗೆ ಆ ಹೆಸರಿಟ್ಟೋಳು ನಾನು. ಪೆನ್ಸಿಲ್ ಹಿಡಿಸಿ ಅದನ್ನ ಬರೆಯೋಕೆ ಕಲಿಸಿದೋಳೂ ನಾನು. ಈಗ ನಾನೇ ಬರೆದ್ರೆ ಕಳ್ಳತನಾನಾ?"

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಕೊಡ್ತಿದ್ಯಾ?"

ಕೊಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಬಟ್ಟೆಯ ಚೆಕ್ಕು ವಾಪಸ್ಸು ಬಂದದ್ದನ್ನು, ವ್ಯಾಪಾರಿಯ ಮುಂದೆ ತನ್ನ ಮಾನ ಹೋದದ್ದನ್ನು ವೆರೋನಾ ಹೇಳಿದಾಗ ಮುದುಕಿಯ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ನಿಂತುಹೋಯಿತು. ಅಷ್ಟು ದೂರ ಅವಳು ಯೋಚಿಸಿಯೇ ಇರಲಿಲ್ಲ. ರಿಬ್ಬನ್ನು ಸುಟ್ಟ ವಾಸನೆ ಬಂದಮೇಲೆ ಎಚ್ಚೆತ್ತು, "ಪೊಲೀಸ್ರನ್ನ ಕರಿ, ಹೋಗ್ತೀನಿ," ಎಂದಳು. ಆಮೇಲೆ ದನಿ ತಗ್ಗಿಸಿ ಸೇರಿಸಿದಳು: "ಶನಿವಾರ ಕಳೀಲಿ ಅಷ್ಟೇ."

ಮರುದಿನ ವೆರೋನಾ ತಾಯಿಯನ್ನು ಸ್ವಾನ್ ಬೀದಿಗೆ ಕರೆದೊಯ್ದು, ನಡೆದದ್ದನ್ನು ಅವಳ ಬಾಯಿಂದಲೇ ಹೇಳಿಸಿದಳು. ವ್ಯಾಪಾರಿ ನಗು ನುಂಗಲು ಮೂರು ಸಲ ಕೆಮ್ಮಿ, ಶಾಲೆ ತೆರೆಯುವವರೆಗೆ ಗಡುವು ಕೊಟ್ಟ. ಹಿಂತಿರುಗುವಾಗ ವೆರೋನಾ ಬ್ಯಾಂಕಿಗೆ ಹೋಗಿ, ದೂರಿಲ್ಲವೆಂದು ಹೇಳಿ ಹೊಸ ಮಾದರಿ ಸಹಿ ಕೊಟ್ಟು ಬಂದಳು. ಚೆಕ್ ಪುಸ್ತಕಕ್ಕೆ ಬೀಗ ಬಿತ್ತು. ಈ ವರ್ಷದ ಲಂಗಗಳ ಅಂಚು ಮಡಿಸಿ ಹೊಲಿಯುವ ಕೆಲಸವೆಲ್ಲ ಕ್ಲೋಟೆಲ್‌ಳ ಪಾಲಿಗೆ ಬಂತು. ಅವಳು ಒಪ್ಪಿ ಅಂದೇ ಸೂಜಿಗೆ ದಾರ ಪೋಣಿಸಿದಳು.

ಬಸ್ಸಿಗಂತೂ ಹಣ ಸಂದಾಗಿತ್ತು. ಹೋಗುವವರು ಹೋಗಲಿ, ತನಗೆ ಕೆಲಸವಿದೆ ಎಂದು ವೆರೋನಾ ಶನಿವಾರ ಬೆಳಿಗ್ಗೆ ಮಿಷಿನ್ನಿಗೆ ಕೂತಳು. ಆದರೆ ಗೇಟಿನೆದುರು ಬಂದು ನಿಂತ ಬಸ್ಸು ಅಲ್ಲಾಡಲಿಲ್ಲ. ಖರ್ಚು ಕೊಟ್ಟವಳನ್ನು ಬಿಟ್ಟು ಹೋಗುವುದುಂಟೇ ಎಂದು ನಾಲ್ವರು ಬಂದು, ಹೊಲಿಯುತ್ತಿದ್ದ ಲಂಗದ ಸಮೇತ ಅವಳನ್ನು ಎಬ್ಬಿಸಿ ಬಸ್ಸಿಗೆ ಹತ್ತಿಸಿದರು.

ಗುಡ್ಡದ ಇಳಿಜಾರಿನಲ್ಲಿ ಬಸ್ಸು ತಿರುಗಿದಾಗಲೆಲ್ಲ ನಲವತ್ತು ಹ್ಯಾಟುಗಳು ಒಟ್ಟಿಗೆ ಎಡಕ್ಕೆ ವಾಲಿ, ಒಟ್ಟಿಗೆ ಬಲಕ್ಕೆ ವಾಲಿದವು. ಮಾಬಿ ಶರಬತ್ತಿನ ಬಾಟಲಿಯಲ್ಲಿ ಮಾಬಿಗಿಂತ ರಮ್ಮೇ ಹೆಚ್ಚಿತ್ತು. ಬಾತ್‌ಶೀಬಾದಲ್ಲಿ ಮುದುಕಿಯರು ಒಳಲಂಗದಲ್ಲೇ ಬಂಡೆಗಳ ನಡುವಿನ ಹೊಂಡಕ್ಕಿಳಿದು ಸಾಲಾಗಿ ಕೂತರು. ಬಂಡೆ ಹಾರಿ ಬಂದ ಅಲೆಯೊಂದು ಹೊಂಡದ ಅಂಚಿನಲ್ಲಿ ನಿಂತಿದ್ದ ವೆರೋನಾಳನ್ನು ಉರುಳಿಸಿ ಸೀದಾ ತಾಯಿಯ ಮಡಿಲಿಗೆ ಹಾಕಿತು. ಮೂಗಿನಲ್ಲಿ ಉಪ್ಪುನೀರು, ಕೊರಳಲ್ಲಿ ಅಳತೆಪಟ್ಟಿ. ಪಕ್ಕೆ ಹಿಡಿದುಕೊಳ್ಳುವಷ್ಟು ನಗು.

"ಇನ್ನೊಂದು ಬರ್ತಿದೆ, ಬಿಗಿಯಾಗಿ ಹಿಡ್ಕೋ," ಎಂದಳು ಕ್ಲೋಟೆಲ್. ವೆರೋನಾ ಹಿಡಿದುಕೊಂಡಳು.