ಖಾದರ್ ಸಾಬರ ಮನೆಯ ದನಿ

2023ರಲ್ಲಿ ನಾನು ದಾವಣಗೆರೆಯ ಒಂದು ಟ್ರಸ್ಟಿನಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಶುಕ್ರವಾರ ಜಗಳೂರು. ಎಲ್ಲಾ ಕಡೆಗೂ ಬಸ್ಸಿನಲ್ಲೇ ಓಡಾಟ, ಹೆಗಲಿಗೊಂದು ಬ್ಯಾಗು. ಮಾತು ತೊದಲುವ ಮಕ್ಕಳು, ಲಕ್ವ ಹೊಡೆದು ಮಾತು ನಿಂತವರು, ಗಂಟಲ ಕ್ಯಾನ್ಸರಿನವರು, ಇವರೇ ನನ್ನ ಮಂದಿ.

ಗಂಟಲ ಕ್ಯಾನ್ಸರ್ ಮುಂದುವರಿದರೆ ಕೆಲವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ಆಮೇಲೆ ಅವರು ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ. ಸ್ವಂತ ದನಿ ಅಲ್ಲಿಗೆ ಮುಗಿಯಿತು. ಅದಕ್ಕೆ ಆಪರೇಷನ್ನಿಗೆ ಮೊದಲೇ ರೋಗಿಯ ನಿತ್ಯದ ಮಾತುಗಳನ್ನು ರೆಕಾರ್ಡ್ ಮಾಡಿ ಅವರ ಮೊಬೈಲಿನ ಬಟನ್ನುಗಳಿಗೆ ಜೋಡಿಸಿಕೊಡುತ್ತಿದ್ದೆವು. ಇದಕ್ಕೆ ಮೆಸೇಜ್ ಬ್ಯಾಂಕಿಂಗ್ ಎನ್ನುತ್ತಾರೆ. ಮೊಬೈಲಿನಲ್ಲೇ ರೆಕಾರ್ಡ್ ಮಾಡಬಹುದಲ್ಲ ಎಂದು ಕೇಳುವವರಿದ್ದರು. ಮೊಬೈಲು ಸುತ್ತಲ ಗದ್ದಲ ಅಳಿಸಲು ಹೋಗಿ ಗೊಗ್ಗರು ದನಿಯನ್ನೂ ಗದ್ದಲವೆಂದೇ ತಿಳಿದು ಅರ್ಧ ನುಂಗಿಬಿಡುತ್ತದೆ. ಹಾಗಾಗಿ ಲ್ಯಾಪ್‌ಟಾಪು, ಒಂದು ಮೈಕು, ಇವೆರಡರ ನಡುವೆ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಬೇಕಿತ್ತು. ಮೈಕಿನಿಂದ ಬರುವ ಸಣ್ಣ ಸಿಗ್ನಲ್ಲನ್ನು ಎತ್ತಿ ಕಂಪ್ಯೂಟರಿಗೆ ತಿಳಿಯುವಂತೆ ಮಾಡಿಕೊಡುವುದು ಅದರ ಕೆಲಸ. ಎಷ್ಟು ಎತ್ತಬಲ್ಲದೋ ಅದೇ ಅದರ ಗೇನ್.

ನನ್ನ ಹಳೆಯ ಇಂಟರ್‌ಫೇಸ್ ಕೆಟ್ಟ ವಾರವೇ ಖಾದರ್ ಸಾಬರು ಹೊನ್ನಾಳಿಯಲ್ಲಿ ನಾನು ರೋಗಿಗಳನ್ನು ನೋಡುವ ಕೋಣೆಗೆ ಬಂದರು. ಐವತ್ತಾರು ವರ್ಷ. ಬಸ್ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳ ಏಜೆಂಟ್. "ನ್ಯಾಮತಿ, ಸವಳಂಗ, ಶಿವಮೊಗ್ಗಾ..." ಎಂದು ಅವರು ಕೂಗಿದರೆ ಸ್ಟ್ಯಾಂಡಿನ ಆ ಕೊನೆಯಲ್ಲಿ ಟೀ ಕುಡಿಯುವವನೂ ಲೋಟ ಇಟ್ಟು ಓಡುತ್ತಿದ್ದ. ದನಿ ಒಡೆದು ಎಂಟು ತಿಂಗಳಾಗಿದ್ದರೂ ಕೂಗಿ ಕೂಗಿ ಹಿಂಗಾಗೈತೆ ಎಂದು ಸುಮ್ಮನಿದ್ದರು. ಈಗ ಆಪರೇಷನ್ನಿಗೆ ಉಳಿದಿದ್ದದ್ದು ಹದಿನಾರು ದಿನ. ಸರ್ಜನ್ ನನಗೆ ಫೋನಿನಲ್ಲಿ ಹೇಳಿದ್ದರು: "ಉಸಿರಿನ ದಾರಿ ಕಿರಿದಾಗ್ತಾ ಇದೆ. ಕಟ್ಟಿಕೊಂಡರೆ ನಾವು ತಾರೀಖು ನೋಡಲ್ಲ, ಆ ಕ್ಷಣಕ್ಕೇ ಕುತ್ತಿಗೆಗೆ ತೂತು ಹಾಕ್ತೀವಿ."

ಸಾಬರಿಗೆ ತಮ್ಮ ಚಿಂತೆ ಇರಲಿಲ್ಲ. ಹೆಂಡತಿ ಶಾಕಿರಾಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿ ಎಂಟು ವರ್ಷವಾಗಿತ್ತು. "ಮೇಡಮ್ಮಾರೇ, ನನ್ನ ಮುಖ ಅವಳಿಗೆ ಮೊದಲೇ ಹೋಗೈತೆ. ಉಳಿದಿದ್ದು ಈ ದನಿ ಒಂದೇ. ಅದೂ ಹೋದ್ರೆ ಅವಳ ಪಾಲಿಗೆ ನಾನು ಇದ್ದೂ ಸತ್ತಂಗೆ" ಎಂದರು.

ಮಾರನೆಯ ದಿನ ಸಂಜೆ ದಾವಣಗೆರೆಯ ಅಂಗಡಿಯಲ್ಲಿ ಎರಡು ಇಂಟರ್‌ಫೇಸ್ ನೋಡಿದೆ. ಒಂದು ಅಂಗೈಯಷ್ಟು ಸಣ್ಣದು. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟು ತೆಗೆದುಕೊಳ್ಳುತ್ತಿತ್ತು, ಗೇನ್ 46 ಡೆಸಿಬೆಲ್. ಇನ್ನೊಂದು ಇಟ್ಟಿಗೆಯಂಥದ್ದು, 62 ಡೆಸಿಬೆಲ್. ಅದಕ್ಕೆ ಬೇರೆ ಕರೆಂಟು ಬೇಕು, ಅಂದರೆ ಒಂದು ಪವರ್ ಬ್ಯಾಂಕನ್ನೂ ಹೊರಬೇಕು. ಅಂಗಡಿಯವರು ಒಂದೇ ಪ್ರಶ್ನೆ ಕೇಳಿದರು: "ಮಾತಾಡೋರು ಮೆತ್ತಗೆ ಮಾತಾಡ್ತಾರಾ, ಜೋರಾಗಾ?" ನಾನು ನಕ್ಕುಬಿಟ್ಟೆ. ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸುವವರಿಗೆ 62 ಡೆಸಿಬೆಲ್ ಯಾತಕ್ಕೆ? ಸಣ್ಣದನ್ನೇ ಬ್ಯಾಗಿಗೆ ಹಾಕಿಕೊಂಡು ಬಂದೆ. ವಾರಕ್ಕೆ ನಾಲ್ಕು ದಿನ ಬಸ್ಸು ಹತ್ತಿಳಿಯುವ ನನ್ನ ಬೆನ್ನು ಕೂಡ ಆ ಆಯ್ಕೆಗೇ ಮತ ಹಾಕಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಸಾಬರಿಂದ ಎರಡು ದಿನದಲ್ಲಿ ನೂರಿಪ್ಪತ್ತು ವಾಕ್ಯ ಓದಿಸಿದೆ. "ನೀರು ಕೊಡಿ", "ನನಗೆ ಹುಷಾರಿಲ್ಲ", "ಇವತ್ತು ಯಾವ ವಾರ", ನಾನೇ ಬರೆದ ಪಟ್ಟಿ. ದನಿ ಒಡೆದಿದ್ದರೂ ಅವರು ಎದೆ ಸೆಟೆಸಿ ನಿಂತು ಸ್ಟ್ಯಾಂಡಿನಲ್ಲಿ ಕೂಗಿದಂತೆಯೇ ಹೇಳಿದರು. ದನಿಯ ಮಟ್ಟ ತೋರಿಸುವ ಮೀಟರು ಹಸಿರಿನಲ್ಲೇ ಕುಣಿಯಿತು.

ಆದರೆ ಸ್ಕ್ರೀನಿನ ಮೇಲೆ ಬೇರೊಂದು ವಿಷಯವೂ ಕಾಣುತ್ತಿತ್ತು. ಎರಡು ವಾಕ್ಯಗಳ ನಡುವೆ ಅವರು ಉಸಿರೆಳೆದುಕೊಳ್ಳುವಾಗ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಮೊದಲ ದಿನ ಅದು ಕೂದಲೆಳೆಯಷ್ಟು ಗೆರೆ. ಎರಡನೆಯ ದಿನ, ಅಂದರೆ ಐದು ದಿನಗಳ ನಂತರ, ಅದೇ ಗೆರೆ ಸೆಣಬಿನ ಹಗ್ಗದಷ್ಟು ದಪ್ಪವಾಗಿತ್ತು. ಒಳಗಿನ ಗಡ್ಡೆ ಬೆಳೆಯುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಸರ್ಜನ್ನಿಗೆ ಫೋನ್ ಮಾಡಿದೆ. "ಸೋಮವಾರವೇ ಅಡ್ಮಿಟ್ ಮಾಡಿಸಿ" ಎಂದರು. ಅವತ್ತು ಮಂಗಳವಾರ.

ಆ ಮಧ್ಯಾಹ್ನವೇ ಸಾಬರ ಮನೆಗೆ ಹೋಗಿ ಶಾಕಿರಾಗೆ ರೆಕಾರ್ಡಿಂಗ್ ಕೇಳಿಸಿದೆ, ಶಹಭಾಸ್ ಗಿಟ್ಟಿಸಿಕೊಳ್ಳುವ ಆಸೆಯಿಂದ. ಆಕೆ ತಲೆ ಬಗ್ಗಿಸಿ ಇಪ್ಪತ್ತು ವಾಕ್ಯ ಕೇಳಿದರು.

"ಚೆಂದ ಐತ್ರೀ. ಆದ್ರೆ ಇದು ಸ್ಟ್ಯಾಂಡಿನ ದನಿ. ಇವರು ನನ್ನ ಜೋಡಿ ಯಾವತ್ತೂ ಕನ್ನಡ ಮಾತಾಡಿದ್ದಿಲ್ಲ, ಹಿಂಗೆ ಕೂಗಿದ್ದೂ ಇಲ್ಲ. ಮನಿಗೆ ಬರೋ ಮನುಷ್ಯನ್ನ ಹಿಡಿದಿಲ್ವಾ?"

ನನ್ನ ಮುಖ ಹೇಗಾಗಿತ್ತೋ, ಆಕೆಗೆ ಕಾಣದಿದ್ದದ್ದು ನನ್ನ ಪುಣ್ಯ. ಮೂವತ್ತು ವರ್ಷ ಮಾತಿನ ಕೆಲಸ ಮಾಡಿದವಳು ನಾನು. ಈ ಮನೆಯಲ್ಲಿ ಉರ್ದು ಆಡುತ್ತಾರೆ ಎಂದು ಗೊತ್ತಿಲ್ಲದವಳೇನಲ್ಲ. ಊರೆಲ್ಲ ಖಾದರ್ ಸಾಬರನ್ನು ಕನ್ನಡದಲ್ಲೇ ಕೇಳಿದ್ದರಿಂದ ನಾನೂ ಅಷ್ಟಕ್ಕೇ ನಿಂತುಬಿಟ್ಟಿದ್ದೆ. "ನೀವಾದರೂ ಹೇಳಬಾರದಿತ್ತೇ?" ಎಂದು ಸಾಬರ ಮೇಲೇ ರೇಗಿದೆ. ಅವರು ಸಂಕೋಚದಿಂದ, "ನೀವು ಬರಕೊಂಡು ಬಂದಿದ್ರಲ್ರೀ" ಎಂದರು.

ಅಲ್ಲೇ ಮೈಕು ಹೂಡಿದೆ. ಗಂಡ ಹೆಂಡತಿ ಮಾತಾಡಲಿ ಎಂದೆ. ಮನೆಯಲ್ಲಿ ಸಾಬರ ದನಿ ಎಷ್ಟು ಮೆತ್ತಗೆ ಎಂದರೆ, ಪಕ್ಕದಲ್ಲಿ ಕೂತ ನಾನೇ ಕಿವಿ ಚುರುಕು ಮಾಡಿಕೊಳ್ಳಬೇಕಾಯಿತು. ಗೇನ್ ತಿರುಪನ್ನು ಕೊನೆಯವರೆಗೂ ತಿರುಗಿಸಿದೆ. ದನಿಗಿಂತ ಇಂಟರ್‌ಫೇಸಿನ ಹಿಸ್ ಮುಂದಾಯಿತು, ಕಾದ ಹಂಚಿಗೆ ನೀರು ಚಿಮುಕಿಸಿದಂಥ ಸದ್ದು. ಮೈಕು ಬಾಯಿಗೆ ಹತ್ತಿರ ತಂದರೆ ಉಸಿರಿನ ಸಿಳ್ಳೆಯೇ ಎಲ್ಲವನ್ನೂ ಮುಚ್ಚಿತು. ಆರು ನಿಮಿಷ ಹೀಗೇ ಹೋಯಿತು. ನಾನು ಮೀಟರನ್ನೇ ನೋಡುತ್ತಿದ್ದೆ.

"ಇದು ಬೇಡ. ಶನಿವಾರ ದೊಡ್ಡ ಇಂಟರ್‌ಫೇಸ್ ತರ್ತೀನಿ, ಚೊಕ್ಕಟವಾಗಿ ಮಾಡೋಣ" ಎಂದೆ. ಬಸ್ಸಿನಲ್ಲಿ ಕೂತು ಆ ಆರು ನಿಮಿಷದ ಫೈಲನ್ನು ಅಳಿಸಿಹಾಕಿದೆ. ಇಂಥ ಕೆಟ್ಟ ರೆಕಾರ್ಡಿಂಗ್ ನನ್ನ ಹೆಸರಿನಲ್ಲಿ ಇರಬಾರದು ಎನ್ನುವ ಹಮ್ಮು, ಬೇರೇನಲ್ಲ.

ಶುಕ್ರವಾರ ಜಗಳೂರಿನಲ್ಲಿದ್ದಾಗ ಸರ್ಜನ್ ಫೋನ್ ಬಂತು. ಗುರುವಾರ ಬೆಳಿಗ್ಗೆ ಸಾಬರು ಸ್ಟ್ಯಾಂಡಿನಲ್ಲೇ ಉಸಿರು ಕಟ್ಟಿ ಕುಸಿದಿದ್ದರು. ದಾವಣಗೆರೆಗೆ ತಂದು ಕುತ್ತಿಗೆಗೆ ತೂತು ಹಾಕಿ ಟ್ಯೂಬ್ ಇಟ್ಟಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಊರಿಗೆ ಬಂದವಳೇ ಲ್ಯಾಪ್‌ಟಾಪನ್ನು ಡೇಟಾ ರಿಕವರಿಯವರ ಮುಂದಿಟ್ಟೆ. ಅವರು ಎರಡು ತಾಸು ಹುಡುಕಿ, ಏನೂ ಉಳಿದಿಲ್ಲ ಎಂದರು.

ಶನಿವಾರ ಇಟ್ಟಿಗೆಯಂಥ ಇಂಟರ್‌ಫೇಸು, ಪವರ್ ಬ್ಯಾಂಕು ಹೊತ್ತು ಆಸ್ಪತ್ರೆಗೆ ಹೋದೆ. ಧ್ವನಿಪೆಟ್ಟಿಗೆ ಇನ್ನೂ ತೆಗೆದಿರಲಿಲ್ಲವಾದ್ದರಿಂದ, ಟ್ಯೂಬಿನ ಬಾಯನ್ನು ಬೆರಳಿನಿಂದ ಮುಚ್ಚಿದರೆ ಉಸಿರು ಮೇಲಕ್ಕೆ ಹರಿದು ಚೂರು ದನಿ ಬರಬಹುದು. ಅವರ ಸ್ಥಿತಿಯಲ್ಲಿ ಅದು ಅಪಾಯದ ಆಟ. ಸರ್ಜನ್ ಬಹಳ ಯೋಚಿಸಿ ಒಪ್ಪಿದರು. "ಒಂದು ಸಲಕ್ಕೆ ಎರಡು ಸೆಕೆಂಡ್. ಮೂರು ಸಲ. ನಾನು ಸಾಕು ಅಂದ್ರೆ ಸಾಕು" ಎಂದು ಪಕ್ಕದಲ್ಲೇ ನಿಂತರು.

ನೂರಿಪ್ಪತ್ತು ವಾಕ್ಯದ ಪಟ್ಟಿ ಹೋಗಿ ಒಂದೇ ಮಾತಿಗೆ ಬಂದಿತ್ತು. ಯಾವ ಮಾತು? ಸಾಬರು ಹೆಂಡತಿಯ ಕಡೆ ಕೈ ತೋರಿಸಿದರು. "ಮೈ ಆಯಾ", ನಾನು ಬಂದೆ, ಎಂದು ಹೇಳಿಸೋಣವೇ ಎಂದು ನಾನೇ ಕೇಳಿದೆ. ಮತ್ತೆ ನನ್ನದೇ ಪಟ್ಟಿ!

"ಬರೋದು ಚಪ್ಪಲಿ ಸಪ್ಪಳಕ್ಕೇ ತಿಳೀತೈತ್ರೀ" ಎಂದರು ಶಾಕಿರಾ. "ದಿನಾ ಬೆಳಿಗ್ಗೆ ಗುಳಿಗಿ ತಗೊಂಡ್ಯಾ ಅಂತ ಕೇಳ್ತಾರೆ. ಅದನ್ನ ಕೇಳಲಿ."

ಮೊದಲ ಸಲ ಬರೀ ಕೆಮ್ಮು. ಟ್ಯೂಬಿನಿಂದ ರಕ್ತ ಕಲೆತ ಕಫ ಬಂತು. ನರ್ಸ್ ಒರೆಸಿದರು. ಎರಡನೆಯ ಸಲ ತುಟಿ ಆಡಿತು, ದನಿ ಬರಲಿಲ್ಲ. ಮಾನಿಟರಿನಲ್ಲಿ ಆಕ್ಸಿಜನ್ 94ರಿಂದ 88ಕ್ಕೆ ಇಳಿಯಿತು. ಸರ್ಜನ್ ನನ್ನ ಮುಖ ನೋಡಿದರು. ನಾನು ಸಾಕು ಎನ್ನಬೇಕಿತ್ತು. ಎನ್ನಲಿಲ್ಲ. ಇವತ್ತಿಗೂ ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಅಂಕಿ ಮೇಲೆ ಬರುವವರೆಗೆ ಕಾದು ಸಾಬರೇ ತಮ್ಮ ಬೆರಳಿಟ್ಟುಕೊಂಡರು.

"ಗೋಲಿ ಖಾಯೀ ಕ್ಯಾ?"

ಕೋಣೆಯಲ್ಲಿದ್ದ ನಮಗೆ ಅದು ಉಸಿರಿನಂತೆ ಕೇಳಿತು. ಶಾಕಿರಾ ಮಾತ್ರ ತಟ್ಟನೆ "ಖಾಯೀ" ಎಂದರು. 62 ಡೆಸಿಬೆಲ್ ಅದನ್ನು ಹಿಡಿದಿತ್ತು.

ಮುಂದಿನ ವಾರ ಆಪರೇಷನ್ ಆಯಿತು. ಎರಡು ತಿಂಗಳ ನಂತರ ಮೊಬೈಲಿಗೆ ಬಟನ್ ಜೋಡಿಸಲು ಅವರ ಮನೆಗೆ ಹೋದೆ. ನೂರಿಪ್ಪತ್ತು ಕನ್ನಡ ವಾಕ್ಯ ಅಂಗಡಿಗೆ, ಆಸ್ಪತ್ರೆಗೆ ಆದವು. ಮನೆಗೆ ಉಳಿದದ್ದು ಒಂದೇ. ಶಾಕಿರಾ ಅದನ್ನು ಮತ್ತೆ ಮತ್ತೆ ಒತ್ತಿ ಕೇಳಿ ನನ್ನ ಕೈ ಹಿಡಿದುಕೊಂಡು, ಅವತ್ತು ಮನೆಯಲ್ಲಿ ಮಾಡಿದ್ದನ್ನೂ ಹಾಕಿಕೊಡಿ ಎಂದರು. ಹೇಳದೆ ಗತ್ಯಂತರವಿರಲಿಲ್ಲ. ಬರೀ ಗರಗರ ಇತ್ತು ಎಂದು ಅಳಿಸಿಬಿಟ್ಟೆ ಎಂದೆ.

ಆಕೆ ಬೈಯಲಿಲ್ಲ. ನನ್ನ ಕೈ ಬಿಡದೆ ಹೇಳಿದರು:

"ಅದ್ರಾಗೆ ಅವರು ನಕ್ಕಿದ್ರು ರೀ."

ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ನಗುತ್ತಾರೆ, ಸದ್ದು ಬರುವುದಿಲ್ಲ. ಅದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದವಳು ನಾನು. ಆದರೂ ಒಬ್ಬ ಮನುಷ್ಯನ ಕೊನೆಯ ನಗು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋದಾಗ ನಾನು ಮೀಟರು ನೋಡುತ್ತಿದ್ದೆ. ಯಂತ್ರ ಯಾವುದಾದರೂ ಇರಲಿ, ಮೊದಲು ಆ ದನಿ ಯಾರಿಗೆ ಬೇಕೋ ಅವರನ್ನು ಕೇಳಬೇಕು, ಅವರು ಸಾಕು ಎನ್ನುವವರೆಗೆ ಏನನ್ನೂ ಅಳಿಸಬಾರದು. ಇಷ್ಟನ್ನು ಕಲಿಯಲು ನನಗೆ ಮೂವತ್ತು ವರ್ಷ ಸಾಲಲಿಲ್ಲ, ಖಾದರ್ ಸಾಬರ ನಗುವೂ ಬೇಕಾಯಿತು.